ಮಗ್ಗದ ಎಡಗಡೆ

ಗಂಜಿಯ ವಾಸನೆ ಮೊದಲು ಬಂತು, ಓಣಿ ಆಮೇಲೆ ಕಂಡಿತು. ಹೋದ ತಿಂಗಳು ಗದ್ವಾಲಕ್ಕೆ ಹೋಗಿದ್ದೆ. ಉಗ್ಗುವ ಮಕ್ಕಳನ್ನು ತರಗತಿಯಲ್ಲಿ ಹೇಗೆ ಮಾತಾಡಿಸಬೇಕು ಎಂದು ಶಿಕ್ಷಕರಿಗೆ ಅರ್ಧ ದಿನದ ತರಬೇತಿ. ಮಧ್ಯಾಹ್ನಕ್ಕೆ ಅದು ಮುಗಿಯಿತು. ರಾಯಚೂರಿನ ಗಾಡಿಗೆ ಇನ್ನೂ ಹೊತ್ತಿತ್ತು. ಊಟ ಮುಗಿಸಿ ಕಾಲು ಎಳೆದ ಕಡೆ ನಡೆದರೆ, ನೇಕಾರರ ಓಣಿಯ ತಿರುವಿನಲ್ಲಿ ಸೀರೆಯ ಉದ್ದನೂಲನ್ನು ಗೂಟಗಳಿಗೆ ಎಳೆದು ಕಟ್ಟಿ, ಇಬ್ಬರು ಹೆಂಗಸರು ಅದಕ್ಕೆ ಗಂಜಿ ಹಚ್ಚುತ್ತಿದ್ದರು. ಮೇಲೆ ಮೋಡ ಕವಿದಿತ್ತು. ಮಳೆ ಬಂದರೆ ಹಚ್ಚಿದ್ದೆಲ್ಲ ಹಾಳು, ಹಾಗಾಗಿ ಅವರ ಕೈ ಜೋರಾಗಿ ಓಡುತ್ತಿತ್ತು, ಕಣ್ಣು ಆಗಾಗ ಆಕಾಶಕ್ಕೆ ಹೋಗುತ್ತಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ಇದೇ ಓಣಿಯಲ್ಲಿ ಒಂದು ಮಳೆಗಾಲ ಕಳೆದಿದ್ದೆನಲ್ಲ, ಅದು ಪೂರ್ತಿ ನೆನಪಿಗೆ ಬಂತು.

ಆಗ ನಾನು ಮೈಸೂರಿನಲ್ಲಿ ಸಂಶೋಧನೆ ಮಾಡುತ್ತಿದ್ದೆ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಆಡುವವರು ಉಗ್ಗಿದರೆ ಎರಡರಲ್ಲೂ ಒಂದೇ ಥರ ಉಗ್ಗುತ್ತಾರೆಯೇ ಎಂಬುದು ನನ್ನ ಪ್ರಶ್ನೆ. ನನ್ನ ಗೈಡ್ ನಕ್ಷೆಯಲ್ಲಿ ಕನ್ನಡ, ತೆಲುಗು ಸೇರುವ ಗಡಿಯ ಮೇಲೆ ಬೆರಳಿಟ್ಟು, "ನಾರಾಯಣಪೇಟೆ, ಮಕ್ತಲ್, ಗದ್ವಾಲ. ಅಲ್ಲಿ ಬೆಕ್ಕಿಗೂ ಎರಡು ಭಾಷೆ ಬರುತ್ತೆ, ಹೋಗು" ಎಂದರು. ಮಕ್ತಲ್ ನಡುವಿನ ಊರು ಎಂದು ಅಲ್ಲಿ ಕೋಣೆ ಹಿಡಿದೆ. ಸೋಮವಾರ ನಾರಾಯಣಪೇಟೆ, ಗುರುವಾರ ಗದ್ವಾಲ ಎಂದು ಮೈಸೂರಿನಲ್ಲೇ ಕೂತು ಚಂದವಾಗಿ ಯೋಜನೆ ಹಾಕಿದ್ದೆ. ಬಸ್ಸುಗಳಿಗೆ ಆ ಯೋಜನೆ ಗೊತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಹೊರಟರೆ ಆತ್ಮಕೂರು ದಾಟಿ, ಜೂರಾಲ ಅಣೆಕಟ್ಟಿನ ಮೇಲೆ ಹಾದು, ಧರೂರಿನಲ್ಲಿ ನಾಟಿಯ ಹೆಂಗಸರನ್ನು ಇಳಿಸಿ ಹತ್ತಿಸಿ, ಗದ್ವಾಲ ಮುಟ್ಟುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತಿತ್ತು. ಅಲ್ಲಿ ಒಂದು ಶಾಲೆಯ ಹಿಂದಿನ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ಎರಡು ಕುರ್ಚಿ, ಒಂದು ಮೇಜು, ಗೋಡೆಗೆ ಒರಗಿಸಿಟ್ಟ ಮುರಿದ ಭೂಗೋಳ.

ನಾನು ಮಾತಿನ ಮನೆಯಿಂದ ಬಂದವಳು. ಹಾಸನದ ನಮ್ಮ ಮನೆಯಲ್ಲಿ ನಾಲ್ಕು ಜನ ಕೂತರೆ ಐದು ಮಾತು ಒಟ್ಟಿಗೆ ನಡೆಯುತ್ತಿದ್ದವು. ಅದರಲ್ಲೂ ಅಮ್ಮ ಯಾರ ಮಾತನ್ನೂ ಪೂರ್ತಿ ಆಗಗೊಟ್ಟವಳಲ್ಲ. ನೀವು "ಇವತ್ತು ಮಾರ್ಕೆಟ್ಟಲ್ಲಿ" ಎಂದು ಬಾಯಿ ತೆರೆದರೆ, "ಬೀನ್ಸ್ ಸಿಗಲಿಲ್ಲ ತಾನೆ, ನಂಗೊತ್ತಿತ್ತು" ಎಂದು ಮುಗಿಸಿಬಿಡುತ್ತಿದ್ದಳು. ನಾನು ಈ ಓದಿಗೆ ಸೇರಿದಾಗ, "ಮಾತು ಕಲಿಸೋದಕ್ಕೂ ಕೋರ್ಸಾ? ನಿಂಗೆ ಮಾತು ನಿಲ್ಸೋದು ಕಲಿಸ್ತಾರಾ ಕೇಳು" ಎಂದಿದ್ದಳು. ದಿನಾ ಸಂಜೆ ಫೋನ್ ಮಾಡುತ್ತಿದ್ದೆ. ಮಕ್ತಲಿಗೆ ಬರುವ ಹಿಂದಿನ ಚಳಿಗಾಲದಲ್ಲಿ ಅವಳು ಹೋಗಿಬಿಟ್ಟಳು.

ಮಕ್ತಲಿನ ಸಂಜೆಗಳನ್ನು ನಾನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ತಗಡಿನ ಮೇಲೆ ಮಳೆ ಬೀಳುತ್ತಿತ್ತು, ಕರೆಂಟು ಹೋಗುತ್ತಿತ್ತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತಿದ್ದೆ. ಮನೆಯೊಡತಿ ಶರಣಮ್ಮ ಒಳ್ಳೆಯ ಹೆಂಗಸು, ಆದರೆ ನನ್ನನ್ನು ಕಂಡರೆ ಸ್ವಲ್ಪ ಸಂಕೋಚ. "ನಿಮ್ಮ ಕನ್ನಡ ರೇಡಿಯೋದಾಗ ಬಂದಂಗ ಬರ್ತೈತ್ರಿ. ಮಾತಾಡಾಕ ಅಂಜಿಕಿ ಆಗ್ತೈತಿ" ಎನ್ನುತ್ತಿದ್ದಳು. ನಾನು ಏನಾದರೂ ಹೇಳಿದರೆ ಕೈ ಕಟ್ಟಿಕೊಂಡು ಪೂರ್ತಿ ಕೇಳಿ "ಹೌದ್ರಿ" ಎಂದು ಒಳಗೆ ಹೋಗುತ್ತಿದ್ದಳು. ನನಗೆ ಅಳು ಬರುತ್ತಿತ್ತು. ಇಡೀ ಊರಿನಲ್ಲಿ ನನ್ನ ಮಾತಿಗೆ ಅಡ್ಡ ಬಾಯಿ ಹಾಕುವವರು ಒಬ್ಬರೂ ಇರಲಿಲ್ಲ. ತಮಾಷೆ ಎಂದರೆ ನನ್ನ ಕಸುಬಿನ ಮೊದಲ ಪಾಠವೇ ಅದು: ಉಗ್ಗುವವರ ಎದುರು ಕೂತಾಗ ಅವರ ಮಾತು ಮುಗಿಯುವವರೆಗೂ ಕಾಯಬೇಕು, ನಡುವೆ ಪದ ಎತ್ತಿಕೊಡಬಾರದು. ಅಮ್ಮನ ಮಗಳಾಗಿ ಇದನ್ನು ಕಲಿಯಲು ನನಗೆ ಎಷ್ಟು ಕಷ್ಟವಾಯಿತು ಎಂದು ನನ್ನ ಸಹಪಾಠಿಗಳನ್ನು ಕೇಳಬೇಕು.

ವೀರೇಶನನ್ನು ನನ್ನ ಗದ್ವಾಲದ ಕೋಣೆಗೆ ಕರೆತಂದದ್ದು ಪಕ್ಕದ ಮನೆಯ ಮಲ್ಲಯ್ಯ. ವೀರೇಶನಿಗೆ ಮೂವತ್ತರ ಆಸುಪಾಸು, ನೇಕಾರ, ಮೈ ಸಣ್ಣ, ಭುಜ ಮಾತ್ರ ಗಟ್ಟಿ. ಮಲ್ಲಯ್ಯನಿಗೆ ಅರವತ್ತು ದಾಟಿತ್ತು, ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

"ಇವ ವೀರೇಶ ಅಂತ್ರಿ ಮೇಡಂ. ನತ್ತಿ, ಅಂದ್ರ ಉಗ್ಗು, ಐತ್ರಿ ಇವಗ. ಹುಡುಗ ಬಂಗಾರ, ಬಾಯಿ ಮಾತ್ರ ಸಾಥ್ ಕೊಡಂಗಿಲ್ಲ."

ನಾನು ವೀರೇಶನ ಕಡೆ ತಿರುಗಿ ಏನು ಕೆಲಸ ಮಾಡುತ್ತೀರಿ ಎಂದು ಕೇಳಿದೆ.

"ಮಗ್ಗ ನೇಯ್ತಾನ್ರಿ. ಅವರಪ್ಪನೂ ಅದನ್ನ ಮಾಡ್ತಿದ್ದ. ಅಪ್ಪ ಅವ್ವ ಇಬ್ಬರೂ ಇಲ್ಲ" ಎಂದ ಮಲ್ಲಯ್ಯ.

"ಯಜಮಾನ್ರೇ, ನೀವು ಸ್ವಲ್ಪ ಹೊರಗೆ ಬೆಂಚಿನ ಮೇಲೆ ಕೂತಿರ್ತೀರಾ?" ಎಂದೆ.

"ನಾ ಹೊರಗ ಕುಂತ್ರ ಇವ ಏನು ಹೇಳ್ತಾನ್ರಿ?" ಎಂದು ಅವನು ನಿಜವಾಗಿಯೂ ಗಾಬರಿಯಾದ. ಆದರೂ ಎದ್ದು ಹೋದ.

ಹೆಸರು ಹೇಳಿ ಎಂದೆ. ಕೋಣೆ ನಿಶ್ಶಬ್ದವಾಯಿತು. ಉಗ್ಗು ಎಂದರೆ ಪದದ ಮೊದಲಕ್ಷರ ಮತ್ತೆ ಮತ್ತೆ ಬರುವುದು ಎಂದೇ ಜನ ತಿಳಿದಿರುತ್ತಾರೆ. ಸಿನಿಮಾದಲ್ಲಿ ನಗಿಸಲು ಅದನ್ನೇ ಮಾಡುತ್ತಾರೆ. ವೀರೇಶನದು ಹೆಚ್ಚಾಗಿ ಸದ್ದಿಲ್ಲದ ಉಗ್ಗು. ದವಡೆ ಬಿಗಿಯುತ್ತಿತ್ತು, ಕೊರಳ ನರ ಎದ್ದು ನಿಲ್ಲುತ್ತಿತ್ತು, ಕಣ್ಣು ಮುಚ್ಚುತ್ತಿತ್ತು, ಉಸಿರು ಮಾತ್ರ ಹೊರಗೆ ಬರುತ್ತಿರಲಿಲ್ಲ. ಎದುರಿಗೆ ಕೂತವರಿಗೆ ಅದೊಂದು ದೊಡ್ಡ ಜಗ್ಗಾಟ. ಕಣ್ಣು ಮುಚ್ಚಿ ಕೇಳಿದರೆ ಏನೂ ಇಲ್ಲ. ನಾನು ಕಾದೆ. ಹೊರಗೆ ಮಲ್ಲಯ್ಯ "ವೀರೇಶ ಅಂತ ಹೇಳಲೇ" ಎಂದು ಕೂಗಿದ.

ಅವನ ಕಥೆ ಎರಡು ಗುರುವಾರ ತೆಗೆದುಕೊಂಡಿತು. ನಾನು ಇಲ್ಲಿ ಬೇಗ ಹೇಳಿಬಿಡುತ್ತೇನೆ.

ಅವನಿಗೆ ಒಬ್ಬಳೇ ತಂಗಿ, ಸರೋಜ. ಅವ್ವ ಹೋದ ಮೇಲೆ ಅಣ್ಣ ತಂಗಿ ಇಬ್ಬರೇ. ಗಿಳಿ ಕಚ್ಚಿದ ಹಣ್ಣು ತಿಂದರೆ ಮಾತು ಬರುತ್ತದೆ ಎಂದು ಯಾರೋ ಹೇಳಿದ್ದಕ್ಕೆ, ಸರೋಜ ಚಿಕ್ಕವಳಿದ್ದಾಗ ಗಿಳಿ ಕಚ್ಚಿದ ಪೇರಲ ಹುಡುಕಿಕೊಂಡು ಊರ ತೋಟವನ್ನೆಲ್ಲ ಸುತ್ತುತ್ತಿದ್ದಳಂತೆ. ಸಿಗದಿದ್ದ ದಿನ ತಾನೇ ಕಚ್ಚಿ ತಂದುಕೊಡುತ್ತಿದ್ದಳಂತೆ. ಇದನ್ನು ಹೇಳುವಾಗ ವೀರೇಶ ನಕ್ಕಿದ್ದು ನೆನಪಿದೆ. ಹಣ್ಣು ಕೆಲಸ ಮಾಡಲಿಲ್ಲ, ಹಾಗಾಗಿ ಸರೋಜಳೇ ಅಣ್ಣನ ಬಾಯಿಯಾದಳು. ಅಂಗಡಿಯಲ್ಲಿ, ದವಾಖಾನೆಯಲ್ಲಿ, ನೂಲು ಕೊಡುವ ಶೇಠ್‌ನ ಹತ್ತಿರ, ಕನ್ನಡದಲ್ಲಿ, ತೆಲುಗಿನಲ್ಲಿ, ಅವನು ಬಾಯಿ ತೆರೆದರೆ ಸಾಕು, ಅವಳು ಮುಗಿಸುತ್ತಿದ್ದಳು. ತಂಗಿಯ ಹತ್ತಿರ ಅವನು ಉಗ್ಗುತ್ತಿದ್ದನೇ ಎಂದು ಕೇಳಿದೆ. ಅವನಿಗೇ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಮಾತು ಹೋಗಲು ಅವಳು ಬಿಟ್ಟರಲ್ಲವೇ.

ಆ ವರ್ಷ ಬೇಸಿಗೆಯಲ್ಲಿ ಸರೋಜಳ ಮದುವೆಯಾಗಿ ಅವಳು ಸೊಲ್ಲಾಪುರಕ್ಕೆ ಹೋದಳು. ಹೆಣ್ಣು ಒಪ್ಪಿಸುವ ಹೊತ್ತಿಗೆ, ನಮ್ಮ ಹುಡುಗಿಯನ್ನು ನಿಮ್ಮ ಕೈಗೆ ಕೊಟ್ಟಿದ್ದೇವೆ ಎಂದು ಬೀಗರಿಗೆ ಅಣ್ಣ ಹೇಳಬೇಕಿತ್ತು. ವೀರೇಶನ ದವಡೆ ಬಿಗಿದುಕೊಂಡಿತು. ಮಲ್ಲಯ್ಯ ಮುಂದೆ ಬಂದು ಅವನ ಪರವಾಗಿ ಹೇಳಿಬಿಟ್ಟ. ಸರೋಜ ತಿರುಗಿ ಅಣ್ಣನನ್ನು ನೋಡಿದಳಂತೆ. ಅವಳು ಅಂದು ಮಾತ್ರ ಬಾಯಿ ತೆರೆಯುವಂತಿರಲಿಲ್ಲ.

ಶ್ರಾವಣದಲ್ಲಿ ನಾಗರಪಂಚಮಿ ಬಂದರೆ ಆ ಸೀಮೆಯಲ್ಲಿ ಅಣ್ಣ ತಂಗಿಯನ್ನು ತವರಿಗೆ ಕರೆಯಬೇಕು. ಅದರಲ್ಲೂ ಮದುವೆಯಾದ ವರ್ಷದ ಪಂಚಮಿ. ಕರೆಯದಿದ್ದರೆ ಗಂಡನ ಮನೆಯಲ್ಲಿ ಹೆಣ್ಣಿನ ತಲೆ ತಗ್ಗುತ್ತದೆ. ಮಲ್ಲಯ್ಯ ಮಾಮೂಲಿನಂತೆ ತಾನೇ ಸೊಲ್ಲಾಪುರಕ್ಕೆ ಫೋನು ಹಚ್ಚಿ ಕರೆದ. ಅತ್ತೆ ಒಪ್ಪಿದಳು. ಸರೋಜ ಒಪ್ಪಲಿಲ್ಲ. "ಮಲ್ಲಯ್ಯ ಮಾವ ಕರದ್ರ ಮಾವನ ಮನಿಗಿ ಹೋಗ್ತೀನಿ. ನಮ್ಮಣ್ಣನ ಮನಿಗಿ ನಮ್ಮಣ್ಣನ ಕರೀಲಿ" ಎಂದಳಂತೆ. ಇದನ್ನು ಹೇಳುವಾಗ ಮಲ್ಲಯ್ಯನ ಮುಖ ಸಣ್ಣದಾಗಿತ್ತು. "ಹುಡುಗಿಗಿ ಎಷ್ಟು ಸೊಕ್ಕು ನೋಡ್ರಿ ಮೇಡಂ. ನಾ ಏನು ಪರಕೀಯನೇನ್ರಿ?"

ವೀರೇಶ ನನ್ನ ಹತ್ತಿರ ಬಂದದ್ದು ಇಷ್ಟಕ್ಕೇ. ಜೀವನಪೂರ್ತಿ ಸರಾಗವಾಗಿ ಮಾತಾಡಬೇಕು ಎಂದಲ್ಲ. ಪಂಚಮಿಯ ಒಳಗೆ ಫೋನಿನಲ್ಲಿ ತಂಗಿಗೆ ಒಂದು ಮಾತು: ಹಬ್ಬಕ್ಕೆ ಬಾ.

ಮೆಸೇಜು ಬರೆದು ಕಳಿಸು ಎಂದೆ. ಕಳಿಸಿದ್ದನಂತೆ, ಅದು ಕರೆದಂತೆ ಅಲ್ಲ ಎಂದಿದ್ದಳಂತೆ. ಹಾಗಾದರೆ ಮುಖ ಕಾಣುವ ಹಾಗೆ ವಿಡಿಯೋ ಕರೆ ಮಾಡು ಎಂದೆ. ಅವನು ತಲೆಯಾಡಿಸಿದ. ತುಂಬ ಹೊತ್ತು ಹೆಣಗಿ ಹೇಳಿದ: "ಮುಖ ನೋಡಿದ್ರ ಅಕಿನ ಹೇಳಿಬಿಡ್ತಾಳ್ರಿ." ಅವನು ಹೇಳಿದ್ದು ಸರಿ. ಅವಳೇ ಮುಗಿಸಿದರೆ ಅವಳೇ ತನ್ನನ್ನು ಕರೆದುಕೊಂಡಂತೆ ಆಗುತ್ತಿತ್ತು.

ಕೆಲಸ ಶುರುಮಾಡಿದೆವು. ಉಸಿರು ಸ್ವಲ್ಪ ಬಿಟ್ಟು, ಅದರ ಮೇಲೆ ಮೊದಲ ಅಕ್ಷರವನ್ನು ಮೆಲ್ಲಗೆ ಇಡುವುದು. ತುಟಿ ಗಟ್ಟಿ ಒತ್ತದೆ "ಪ" ಅನ್ನುವುದು. ಸ್ವರವನ್ನು ಎಳೆದು ಮುಂದಿನ ಪದಕ್ಕೆ ಜಾರುವುದು. ಮಗ್ಗದ ತಾಳಕ್ಕೆ ಮಾತು ಹೊಂದಿಸಿದರೆ ಸುಲಭವಾಗಬಹುದು ಎಂದು ನನಗೊಂದು ಆಸೆಯಿತ್ತು. ತಾಳವಿದ್ದರೆ ಕೆಲವರ ಉಗ್ಗು ಕಡಿಮೆಯಾಗುತ್ತದೆ. ಅದನ್ನು ನೋಡಲೆಂದೇ ಒಂದು ಗುರುವಾರ ಅವನ ಮನೆಗೆ ಹೋದೆ. ನನ್ನ ಆಸೆ ಕೂಡಲೇ ಮಣ್ಣುಗೂಡಿತು. ಮಾತಾಡು ಎಂದರೆ ಅವನ ಕೈ ನಿಲ್ಲುತ್ತಿತ್ತು, ನೇಯಿ ಎಂದರೆ ಬಾಯಿ ನಿಲ್ಲುತ್ತಿತ್ತು. ಮಲ್ಲಯ್ಯ ಬಾಗಿಲಲ್ಲಿ ನಿಂತು, "ಎರಡೂ ಒಮ್ಮಿಗೇ ಮಾಡಾಕ ಅವ ಏನು ಲೀಡರ್ ಏನ್ರಿ?" ಎಂದ.

ಆದರೆ ಅಂದು ಆ ಮಗ್ಗವನ್ನು ನೋಡಿದೆ. ಗದ್ವಾಲ ಸೀರೆಯ ಮೈ ಹತ್ತಿ, ದಡಿ, ಅಂದರೆ ಅಂಚು, ರೇಷ್ಮೆ. ಮೈಗೆ ಒಂದು ಲಾಳಿ, ಎರಡು ದಡಿಗೆ ಎರಡು ಲಾಳಿ. ಪ್ರತಿ ಎಳೆಯಲ್ಲೂ ಹತ್ತಿಯನ್ನು ರೇಷ್ಮೆಗೆ ಕೊಂಡಿ ಹಾಕಬೇಕು. ಅದಕ್ಕೇ ಒಂದು ಮಗ್ಗಕ್ಕೆ ಇಬ್ಬರು ಬೇಕು. ಬಲಗಡೆ ಯಜಮಾನ ಕೂರುತ್ತಾನೆ, ಎಡಗಡೆಯ ದಡಿ ನೋಡಿಕೊಳ್ಳಲು ಇನ್ನೊಬ್ಬರು. ಹದಿನೈದು ವರ್ಷ ವೀರೇಶನ ಎಡಗಡೆ ಸರೋಜ ಕೂತಿದ್ದಳು. ಅವಳು ಹೋದ ಮೇಲೆ ಕೂಲಿಗೆ ಬಂದವರು ನಿಲ್ಲಲಿಲ್ಲ. ಅವನು ಒಬ್ಬನೇ ನೇಯುತ್ತಿದ್ದ. ಬಲಗಡೆಯ ಲಾಳಿ, ಮೈಯ ಲಾಳಿ, ಆಮೇಲೆ ಸೊಂಟ ಬಾಗಿಸಿ ಎಡಕ್ಕೆ ಚಾಚಿ ಆ ಕಡೆಯ ಲಾಳಿ, ಮತ್ತೆ ನೆಟ್ಟಗಾಗಿ ಹಲಗೆ ಎಳೆದು ಬಡಿಯುವುದು. ಪ್ರತಿ ಬಡಿತದ ಹಿಂದೆ ಒಂದು ಖಾಲಿ. ಬೇರೆ ಮನೆಗಳಿಂದ ಬರುವ ಮಗ್ಗದ ಸದ್ದಿನಲ್ಲಿ ಆ ಖಾಲಿ ಇರಲಿಲ್ಲ. ನಾನು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತು ಆ ಖಾಲಿಯನ್ನೇ ಕೇಳುತ್ತಿದ್ದೆ. ಎಡಗಡೆಯ ಮಣೆಯ ಮೇಲೆ ಅವನ ಫೋನು ಮಾತ್ರ ಇತ್ತು. ಆ ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಕಿಟಕಿಯ ಪಕ್ಕದ ಆ ಜಾಗದಲ್ಲೇ.

ಆಷಾಢ ಮುಗಿಯುತ್ತ ಬಂದಾಗ ನನ್ನ ಕೋಣೆಯಲ್ಲಿ ಅವನು ಆ ಮಾತನ್ನು ಒಂದು ಮಟ್ಟಿಗೆ ಹೇಳುತ್ತಿದ್ದ. ಖುಷಿಯಿಂದ, ಈಗಲೇ ಫೋನು ಮಾಡು ಎಂದೆ. ಮಾಡಿದ. ಆ ಕಡೆ "ಅಣ್ಣ, ಹೇಳು" ಎಂದು ಹಗುರವಾದ, ಅವಸರದ ಹೆಣ್ಣು ದನಿ ಕೇಳಿತು. ವೀರೇಶನ ದವಡೆ ಬಿಗಿಯಿತು. ಎದುರಿಗಿದ್ದ ನನಗೆ ಅವನು ಬೆಟ್ಟ ಹೊರುತ್ತಿರುವುದು ಕಾಣುತ್ತಿತ್ತು. ಸೊಲ್ಲಾಪುರದಲ್ಲಿ ಕಾಣುವುದು ಹೇಗೆ? "ಹಲೋ? ಹಲೋ ಅಣ್ಣ? ಟವರ್ ಇಲ್ಲ ನೋಡು ಮತ್ತ" ಎಂದು ಅವಳು ಇಟ್ಟುಬಿಟ್ಟಳು. ಇನ್ನೊಮ್ಮೆ ಮಾಡಿದೆವು. ಮತ್ತೆ ಅದೇ. ಅವನ ಉಗ್ಗು ಅವಳಿಗೆ ಕೆಟ್ಟ ಸಿಗ್ನಲಿನ ಹಾಗೆ ಕೇಳುತ್ತಿತ್ತು.

ಆಗ ನಾನು ಹೇಳಿದೆ, ಮಾತನ್ನು ರೆಕಾರ್ಡು ಮಾಡಿ ಕಳಿಸು. ತಪ್ಪಾದರೆ ಅಳಿಸಬಹುದು, ಯಾರೂ ಹಲೋ ಎಂದು ಅವಸರ ಮಾಡುವುದಿಲ್ಲ. ಆ ಇಡೀ ಮಧ್ಯಾಹ್ನ ಅದೇ ಮಾಡಿದೆವು. ಹೇಳುವುದು, ಅಳಿಸುವುದು. ಕೊನೆಗೆ ಒಂದು ಬಂತು ನೋಡಿ, ಒಂದು ತಡೆಯಿಲ್ಲ, ಒಂದು ಎಳೆತವಿಲ್ಲ: "ಸರೋಜಾ, ನಾನು ವೀರೇಶ. ಪಂಚಮಿ ಹಬ್ಬಕ್ಕ ಬಾರವ್ವ. ನಾ ಬಂದು ಕರಕೊಂಡು ಹೋಗ್ತೀನಿ." ಅವನು ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದ. ತನ್ನ ದನಿ ಹೀಗಿದೆ ಎಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಳಿಸಿದ. ನನಗೆ ಕುಣಿಯುವಷ್ಟು ಸಂತೋಷವಾಗಿತ್ತು. ಮಕ್ತಲಿಗೆ ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರನಿಗೆ ಸುಮ್ಮನೆ ನಕ್ಕೆ. ಅವನು ಚಿಲ್ಲರೆ ಇಲ್ಲವೇನೋ ಎಂದುಕೊಂಡು ಮುಖ ಗಂಟಿಕ್ಕಿದ.

ಮುಂದಿನ ಗುರುವಾರ ವೀರೇಶ ಬಂದು ಫೋನನ್ನು ಮೇಜಿನ ಮೇಲಿಟ್ಟು ಸರೋಜಳ ಉತ್ತರ ಹಾಕಿದ. ಅವಳು ಕೂಡ ಮಾತಲ್ಲೇ ಕಳಿಸಿದ್ದಳು.

"ಯಾರ ಕಡಿಂದ ಹೇಳಿಸಿದಿ ಅಣ್ಣ ಇದನ್ನ? ಮಾವನ ದನಿನೂ ಅಲ್ಲ. ಯಾರೋ ಓದಿದಂಗ ಐತಿ. ನಿನ್ನ ಮಾತ ನನಗ ಗೊತ್ತಿಲ್ಲೇನು? ಬ್ಯಾರೇದವರ ಬಾಯಿಲೆ ಕರಸಬ್ಯಾಡ ಅಂದಿದ್ದೆ. ನಿನಗ ನಾ ಬರೂದು ಬೇಕಿಲ್ಲಂದ್ರ ಬಿಡು."

ಅವನು ಮೊದಲು ನಕ್ಕ. ನಗು ಅರ್ಧಕ್ಕೇ ನಿಂತಿತು. ಒಂದು ಮಳೆಗಾಲದ ಕೆಲಸ, ಪುಸ್ತಕದಲ್ಲಿ ಹೇಳಿದಂತೆ ಹದವಾಗಿ ಬಂದ ಮಾತು. ಅದು ಅವನದೇ ಎಂದು ನಂಬಲು ಹುಟ್ಟಿದಾಗಿನಿಂದ ಅವನನ್ನು ಕೇಳಿದವಳು ತಯಾರಿರಲಿಲ್ಲ. ನಾನೇ ಫೋನು ಮಾಡಿ ಅದು ನಿನ್ನಣ್ಣನ ದನಿಯೇ ಎಂದು ಹೇಳಲೇ ಎಂದು ಕೇಳಹೋದೆ. ಅವನು ನನ್ನನ್ನು ನೋಡಿದ ರೀತಿಗೆ ಅರ್ಧದಲ್ಲೇ ಸುಮ್ಮನಾದೆ. ಅದೂ ಇನ್ನೊಬ್ಬರ ಬಾಯಿಯೇ ಆಗುತ್ತಿತ್ತು.

ಆಮೇಲಿನ ದಿನಗಳಲ್ಲಿ ಅವನು ಫೋನು ಮಾಡಿದರೆ ಅವಳು ಎತ್ತಲಿಲ್ಲ. ಮೇಲೆ ಎಲ್ಲೋ ಜೋರು ಮಳೆಯಾಗಿ ಜೂರಾಲದ ಗೇಟುಗಳನ್ನು ಎತ್ತಿದ್ದರು. ಬಸ್ಸು ಅಣೆಕಟ್ಟಿನ ಮೇಲೆ ನಿಧಾನವಾಗುತ್ತಿತ್ತು. ಜನ ಮಕ್ಕಳುಮರಿ ಕಟ್ಟಿಕೊಂಡು ನೀರು ನೋಡಲು ಬಂದಿರುತ್ತಿದ್ದರು, ಜೋಳದ ತೆನೆ ಸುಟ್ಟು ಮಾರುತ್ತಿದ್ದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅಷ್ಟೊಂದು ಜನರ ನಡುವೆ ಹೋಗುವಾಗಲೇ ಒಂಟಿ ಅನ್ನಿಸುವುದು ಹೆಚ್ಚು. ನಾರಾಯಣಪೇಟೆಯ ಸೋಮವಾರಗಳಲ್ಲಿ ಕೆಲಸ ನಡೆಯುತ್ತಿತ್ತು, ಜನ ಬರುತ್ತಿದ್ದರು, ರೆಕಾರ್ಡರಿನಲ್ಲಿ ಧ್ವನಿಗಳು ತುಂಬಿಕೊಳ್ಳುತ್ತಿದ್ದವು. ಸಂಜೆ ಕೋಣೆಗೆ ಬಂದರೆ ನನ್ನ ಕಿವಿಯಲ್ಲಿ ಬೇರೆಯವರ ಮಾತು ಅಷ್ಟೇ. ಶರಣಮ್ಮ ಒಮ್ಮೆ, "ಮಾತ ಕಲಿಸಾಕ ಬಂದಾಕಿ ನೀವ ಮಾತ ಬಿಟ್ಟೀರಲ್ರೀ" ಎಂದಳು. ಪಂಚಮಿಗೆ ನಿಮ್ಮನ್ನು ಯಾರೂ ಕರೆಯಲಿಲ್ಲವೇ ಎಂದೂ ಕೇಳಿದಳು. ನಮ್ಮ ಕಡೆ ಹಾಗೆ ಪದ್ಧತಿಯಿಲ್ಲ ಎಂದೆ. ನನಗೆ ಅಣ್ಣ ತಮ್ಮ ಯಾರೂ ಇಲ್ಲ ಎಂದು ಹೇಳಬಹುದಿತ್ತು.

ಪಂಚಮಿಯ ಹಿಂದಿನ ಗುರುವಾರ ಶಾಲೆಯ ನನ್ನ ಕೋಣೆ ಸೋರಿ ನೀರು ನಿಂತಿತ್ತು. ಇವತ್ತು ಮನೆಗೇ ಬರುತ್ತೇನೆ ಎಂದು ವೀರೇಶನಿಗೆ ಮೆಸೇಜು ಹಾಕಿ ಹೋದೆ. ಏನು ಕಲಿಸಬೇಕು ಎಂಬುದು ನನಗೂ ಗೊತ್ತಿರಲಿಲ್ಲ. ಮಳೆ ಸ್ವಲ್ಪ ಬಿಟ್ಟಿದ್ದರಿಂದ ಓಣಿಯಲ್ಲಿ ಗಂಜಿ ಹಚ್ಚುವ ಗಡಿಬಿಡಿ ನಡೆದಿತ್ತು. ಒಳಗೆಲ್ಲ ಅದೇ ವಾಸನೆ. ಅವನು ಮಗ್ಗದಲ್ಲಿದ್ದ. ಮಗ್ಗದ ಕೆಳಗಿನ ಕುಣಿಯೊಳಗೆ ಕಾಲು ಇಳಿಬಿಟ್ಟುಕೊಂಡು ನನ್ನ ಕಡೆ ನೋಡಿ ತಲೆಯಾಡಿಸಿದ. ನಾನು ಚಾಪೆಯ ಮೇಲೆ ಕೂತೆ. ರೆಕಾರ್ಡರು ಚೀಲದಿಂದ ತೆಗೆಯಲೂ ಇಲ್ಲ.

ಎಡಗಡೆಯ ಮಣೆಯ ಮೇಲಿನ ಫೋನು ಬಡಿದುಕೊಂಡಿತು. ಸರೋಜ. ಅವನು ಬಾಗಿ ಸ್ಪೀಕರು ಒತ್ತಿದ.

"ಅಣ್ಣ, ನಾ ಸರೋಜ. ಅತ್ತಿ ಕೇಳಾಕತ್ತಾರ, ಹಬ್ಬಕ್ಕ ಹೋಗಾಕಿನೋ ಇಲ್ಲೋ ಅಂತ. ಏನು ಹೇಳ್ಲಿ?"

ವೀರೇಶನ ಕಣ್ಣು ಮುಚ್ಚಿತು. ಕೊರಳ ನರ ಎದ್ದಿತು. ಉಸಿರು ಒಳಗೇ ನಿಂತಿತು.

"ಹಲೋ? ಅಣ್ಣ? ಹಲೋ? ಮತ್ತ ಹೋತು ಲೈನ್."

ಇದ್ದಾನೆ, ಇಡಬೇಡ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಅವನು ಕಾಲ ಕೆಳಗಿನ ಹಲಗೆ ತುಳಿದ. ಲಾಳಿ ಓಡಿತು, ಬಡಿತ ಬಿತ್ತು. ಇನ್ನೊಂದು ಎಳೆ. ಎಡಕ್ಕೆ ಬಾಗಿ, ಎದ್ದು, ಬಡಿತ. ಫೋನಿನಲ್ಲಿ ಲೈನು ಹಾಗೇ ಇತ್ತು. ಅವಳು ಇಡಲಿಲ್ಲ. ಅವನು ನೇಯುತ್ತ ಹೋದ, ಅವಳು ಕೇಳುತ್ತ ಹೋದಳು. ಎಷ್ಟು ಹೊತ್ತೋ ನಾನು ನೋಡಲಿಲ್ಲ. ಹೊರಗೆ ಹೆಂಗಸರು ತೆಲುಗಿನಲ್ಲಿ ಒಬ್ಬರನ್ನೊಬ್ಬರು ಅವಸರಿಸುತ್ತಿದ್ದರು.

ಆಮೇಲೆ ಫೋನಿನಿಂದ ದನಿ ಬಂತು. ಈ ಸಲ ಅವಸರವಿರಲಿಲ್ಲ.

"ಅಣ್ಣ, ಎಡಗಡಿ ಯಾರು ಕುಂತಾರ?"

ಅವನ ಕೈ ನಿಂತಿತು. ನಾನು ಕಲಿಸಿದ್ದು ಯಾವುದನ್ನೂ ಅವನು ಮಾಡಲಿಲ್ಲ. ಉಸಿರು ಬಿಡಲಿಲ್ಲ, ಮೆಲ್ಲಗೆ ಶುರುಮಾಡಲಿಲ್ಲ. ತಲೆ ಹಿಂದಕ್ಕೆ ಜಗ್ಗಿತು, ದನಿ ಒಡೆಯಿತು. "ಯ… ಯ… ಯಾ… ಯಾರೂ ಇ… ಇ… ಇಲ್ಲ."

ಅವನು ಫೋನಿನ ಕಡೆಗೆ ಇನ್ನಷ್ಟು ಬಾಗಿದ.

"ಸ… ಸರೋಜ. ಪ… ಪ… ಪಂಚಮಿಗಿ ಬ… ಬ…"

ಅಲ್ಲಿ ಮಾತು ಸಿಕ್ಕಿಕೊಂಡಿತು. ಒಂದೇ ಅಕ್ಷರ ಬಾಕಿ. ಅದು ಏನು ಎಂದು ನನಗೆ ಗೊತ್ತಿತ್ತು, ಗೋಡೆಗೂ ಗೊತ್ತಿತ್ತು. ಸೊಲ್ಲಾಪುರದಲ್ಲಿ ಒಬ್ಬಳು ಉಸಿರು ಎಳೆದುಕೊಂಡದ್ದು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿತು. ನಡೆಯಲು ಬಂದಾಗಿನಿಂದ ಅವನ ಮಾತು ಮುಗಿಸಿದವಳು, ಹಣ್ಣು ಸಿಗದಿದ್ದರೆ ತಾನೇ ಕಚ್ಚಿ ತಂದವಳು. ನಾನು ಕಣ್ಣು ಮುಚ್ಚಿಕೊಂಡೆ. ಬೇಡ, ಹೇಳಬೇಡ ಎಂದು ಮನಸ್ಸಿನಲ್ಲೇ ಅವಳನ್ನು ಬೇಡಿಕೊಂಡೆ.

ಅವಳು ಹೇಳಲಿಲ್ಲ. ಕಾದಳು.

"ಬ… ಬಾ ತಂಗಿ."

"ಬರ್ತೀನಿ ಅಣ್ಣ" ಎಂದಳು. ಅಳುತ್ತಿದ್ದಳು. ಮೂಗು ಏರಿಸಿಕೊಂಡು ಕೇಳಿದಳು, "ಆ ಮೆಸೇಜು ನೀನ ಹೇಳಿದ್ದೇನು?"

"ಹ್ಞೂಂ."

"ಚಂದ ಇತ್ತು ಬಿಡು. ನಿನ್ನಂಗ ಇರಲಿಲ್ಲ ಅಷ್ಟ."

ನಾನು ಎದ್ದು ಮೆಲ್ಲಗೆ ಹೊರಗೆ ಬಂದೆ. ಮಲ್ಲಯ್ಯ ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ. ಹುಟ್ಟಿದಾಗಿನಿಂದ ಸುಮ್ಮನಿರದವನು ಅಂದು ಏನೂ ಹೇಳದೆ ಟವಲಿನಿಂದ ಮುಖ ಒರೆಸಿಕೊಂಡ.

ಧರೂರು ದಾಟಿ ಬಸ್ಸು ಅಣೆಕಟ್ಟಿನ ಮೇಲೆ ಬಂದಾಗ ಗೇಟುಗಳಿಂದ ನೀರು ಬೀಳುತ್ತಿತ್ತು. ಬಸ್ಸು ತುಂಬ ಹಬ್ಬಕ್ಕೆ ತವರಿಗೆ ಹೊರಟ ಹೆಣ್ಣುಮಕ್ಕಳು. ನನ್ನ ಕೈ ತಾನಾಗಿ ಚೀಲದಿಂದ ಫೋನು ತೆಗೆಯಿತು. ಇವತ್ತು ಏನಾಯಿತು ಗೊತ್ತಾ ಎಂದು ಹೇಳಬೇಕಿತ್ತು. ಅಮ್ಮ ನಡುವೆ ಬಾಯಿ ಹಾಕಿ, "ಹೇಳಿದನಾ? ನಂಗೊತ್ತಿತ್ತು" ಎನ್ನಬೇಕಿತ್ತು. ಫೋನನ್ನು ತುಂಬ ಹೊತ್ತು ಹಾಗೇ ಹಿಡಿದುಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಟವರ್ ಸಿಗುತ್ತಿಲ್ಲವೇನು ಎಂದು ತೆಲುಗಿನಲ್ಲಿ ಕೇಳಿದಳು. ಹೌದು ಎಂದೆ.

ಪಂಚಮಿಗೆ ಬರಬೇಕು ಎಂದು ವೀರೇಶ ಕರೆದಿದ್ದ. ಹೋಗಲಿಲ್ಲ. ಅಣ್ಣ ತಂಗಿಯ ನಡುವೆ ಆ ದಿನ ನನಗೇನು ಕೆಲಸ ಎಂದು ಮಕ್ತಲಿನಲ್ಲೇ ಉಳಿದೆ. ಅದರ ನಂತರದ ಗುರುವಾರ ಅವನು ಡಬ್ಬಿಯಲ್ಲಿ ಎಳ್ಳುಂಡಿ, ಅರಳುಂಡಿ ತಂದುಕೊಟ್ಟ. ಸರೋಜ ಬಂದಿದ್ದಳು, ಇದ್ದಷ್ಟು ದಿನವೂ ಮಗ್ಗಕ್ಕೆ ಕೂತಳು, ಮೊನ್ನೆ ಹೋದಳು ಎಂದು ಅವನೇ ಹೇಳಿದ. ಉಗ್ಗುತ್ತಲೇ ಹೇಳಿದ, ಪೂರ್ತಿ ಹೇಳಿದ. ದಸರೆಯ ಹೊತ್ತಿಗೆ ನಾನು ಕೋಣೆ ಖಾಲಿ ಮಾಡಿ ಮೈಸೂರಿಗೆ ಹೋದೆ. ಎರಡು ಭಾಷೆಯ ಪ್ರಶ್ನೆಗೆ ನನ್ನ ಪ್ರಬಂಧದಲ್ಲಿ ಏನೋ ಒಂದು ಉತ್ತರವಿದೆ. ಆ ಗುರುವಾರದ ಫೋನು ಅದರಲ್ಲಿಲ್ಲ. ಸರೋಜಳನ್ನು ನಾನು ಕಣ್ಣಾರೆ ನೋಡಲೇ ಇಲ್ಲ.

ಹೋದ ತಿಂಗಳು ಆ ಓಣಿಯಲ್ಲಿ ಗಂಜಿಯ ನೂಲಿನ ಕೆಳಗೆ ಬಗ್ಗಿ ದಾಟಿ ಅವನ ಮನೆಯ ಮುಂದೆ ನಿಂತೆ. ಬಾಗಿಲನ್ನು ಮುಂದೆ ಮಾಡಿದ್ದರು. ಮಲ್ಲಯ್ಯನ ಜಗಲಿಯ ಮೇಲೆ ಯಾರೂ ಇರಲಿಲ್ಲ. ಒಳಗೆ ಮಗ್ಗ ನಡೆಯುತ್ತಿತ್ತು. ಬಾಗಿಲು ತಳ್ಳಿ, ನಾನು, ನೆನಪಿದೆಯಾ ಎನ್ನಬಹುದಿತ್ತು. ಅವನು ಮಗ್ಗ ನಿಲ್ಲಿಸಿ ಏಳುತ್ತಿದ್ದ, ಮಾತಾಡಲು ಹೆಣಗುತ್ತಿದ್ದ, ನಾನು ಕಾಯುತ್ತಿದ್ದೆ. ಕೈ ಎತ್ತಿದವಳು ಹಾಗೇ ನಿಂತು ಕೇಳಿದೆ. ಒಂದು ಬಡಿತ, ಮತ್ತೊಂದು, ಅದರ ಬೆನ್ನಿಗೇ ಇನ್ನೊಂದು. ನಡುವೆ ನಾನು ಕೇಳುತ್ತ ಕೂರುತ್ತಿದ್ದ ಆ ಖಾಲಿಗಾಗಿ ಕಾದೆ. ಅದು ಬರಲಿಲ್ಲ.

ಮೊದಲ ಹನಿ ಬಿತ್ತು. ಹಿಂದೆ ಹೆಂಗಸರು ಕೂಗಿಕೊಂಡು ನೂಲು ಸುತ್ತಲು ಓಡಿದರು. ನಾನು ಎತ್ತಿದ ಕೈ ಇಳಿಸಿ, ಸೆರಗು ತಲೆಗೆ ಹಾಕಿಕೊಂಡು ಸ್ಟೇಷನ್ನಿನ ಕಡೆ ನಡೆದೆ. ಎಡಗಡೆ ಯಾರೋ ಕೂತಿದ್ದರು.